ಅಮ್ರೀನಳ ಮಂಡಿಕೀಲು

ಪರೀಕ್ಷಾ ಯಂತ್ರದ ಗುಂಡಿಯ ಮೇಲಿಟ್ಟ ರಂಜನಿಯ ಬೆರಳು ಒತ್ತಲು ಒಪ್ಪಲಿಲ್ಲ. ಯಂತ್ರದ ಹಿಡಿತದಲ್ಲಿದ್ದದ್ದು ಅಮ್ರೀನಳ ಕೃತಕ ಕಾಲಿನ ಮಂಡಿಕೀಲು. ಯಲಹಂಕದ ಆ ಪ್ರಯೋಗಾಲಯದಲ್ಲಿ ರಂಜನಿಯೇ ಅಲ್ಯೂಮಿನಿಯಂ ಪುಡಿ ಕರಗಿಸಿ ತ್ರೀಡಿ ಪ್ರಿಂಟರಿನಲ್ಲಿ ಅದನ್ನು ಮಾಡಿದ್ದಳು. ಪರೀಕ್ಷಿಸದೆ ಕೊಟ್ಟ ಹಿಂದಿನದು ಗೊರಗುಂಟೆಪಾಳ್ಯದ ಮೇಲ್ಸೇತುವೆಯ ಮೆಟ್ಟಿಲಲ್ಲಿ ಮುರಿದು, ಅಮ್ರೀನ್ ಉರುಳಿಬಿದ್ದಿದ್ದಳು. ಈ ಸಲ ಪುಡಿಗೆ ಬಿರುಕು ತಡೆಯುವ ಜಿರ್ಕೋನಿಯಂ ಲೋಹ ಬೆರೆಸಿ, ಅಚ್ಚಾದ ಕೀಲನ್ನು ಕುಲುಮೆಯಲ್ಲಿ ದಿನವಿಡೀ ಕಾಯಿಸಿ ಗಟ್ಟಿ ಮಾಡಿದ್ದಳು. ಆ ಪುಡಿ ಇದೊಂದಕ್ಕೇ ಮುಗಿದಿತ್ತು.

"ಐನೂರು ಕೆಜಿ ತಡೀಬೇಕು. ಮುರಿದ್ರೆ ಕೊಡೋಕೆ ಬೇರೆ ಇಲ್ಲ ಅಮ್ರೀನ್," ಎಂದಳು ರಂಜನಿ. "ಸೋಮವಾರ ಸ್ಕೂಲಿಗೆ ಹೋಗ್ದಿದ್ರೆ ನಿಮ್ಮ ಟೀಚರ್ ಕೆಲ್ಸ ಹೋಗುತ್ತೆ ಅಂದ್ರಲ್ಲ. ಟೆಸ್ಟ್ ಬೇಡ, ಹಂಗೇ ಹಾಕ್ಕೊಂಡ್ ಹೋಗ್ಬಿಡಿ."

ಅಮ್ರೀನ್ ಊರುಗೋಲು ಊರುತ್ತಾ ಹತ್ತಿರ ಬಂದು, ರಂಜನಿಯ ಬೆರಳಿನ ಮೇಲೆ ತನ್ನ ಬೆರಳಿಟ್ಟು ಒತ್ತಿದಳು.

ಪರದೆಯ ಮೇಲಿನ ಅಂಕೆ ಮುನ್ನೂರು ದಾಟಿತು, ನಾನೂರು ದಾಟಿತು. ರಂಜನಿ ಮಾಡಿದ ಯಾವ ಕೀಲೂ ಇಷ್ಟು ತಡೆದಿರಲಿಲ್ಲ. ನಾನೂರ ಎಪ್ಪತ್ತಕ್ಕೆ ಅದು ಟಪ್ಪೆಂದು ಎರಡಾಯಿತು. ರಂಜನಿ ಮುಖ ಮುಚ್ಚಿಕೊಂಡು ಅಳತೊಡಗಿದಳು.

ಅಮ್ರೀನ್ ತುಂಡುಗಳನ್ನು ಎತ್ತಿ ಅವಳ ಅಂಗೈಯಲ್ಲಿಟ್ಟಳು. "ಕೆಲ್ಸ ಹೋದ್ರೆ ಹೋಗ್ಲಿ ಮೇಡಂ. ಇನ್ನೊಂದ್ ಮಾಡಿ, ನಾನ್ ಕಾಯ್ತೀನಿ."