ಒಳಗೆ ಕೆತ್ತಿದ ಹೆಸರು

ಸೂರ್ಯ ಮಂಕಾದ ಮೇಲೆ ಊರಿಗೆ ಬೆಳಕು ಬರುತ್ತಿದ್ದುದು ಕಣಗಳು ಓಡುವ ದೊಡ್ಡ ಉಂಗುರದಿಂದ. ಆ ಉಂಗುರ ಜೋಡಿಸಲು ಪ್ರತಿ ಮನೆಯವರೂ ಒಂದು ತಾಮ್ರದ ಕೊಳವೆ ಕೊಡಬೇಕು. ಕಂಚುಗಾರ ಮೌನೇಶಾಚಾರ್ ತಂದ ಕೊಳವೆಯೊಳಗೆ ತಂತಿ ಎಳೆದು ಪರೀಕ್ಷಕಿ ಸುಗುಣಾ ಒಳಮೈ ನಯವಾಗಿದೆಯೇ ಎಂದು ಮೂರನೆಯ ಸಲ ಅಳೆದಳು. ಮೀಟರು ಮತ್ತೆ ಗುಂಯ್ ಎಂದಿತು.

“ಒಳಗೇನು ಗೀಚಿದೀರಿ, ಆಚಾರ್ರೇ? ಮುಂದಿನ ಕಣ ಹೋಗುವಾಗ ಹೀಗೆ ಗುಂಯ್ ಅಂದ್ರೆ ಹಿಂದೆ ಬರೋ ಕಣ ಎಲ್ಲಾ ಚೆದುರುತ್ತೆ. ಊರೇ ಕತ್ತಲಾಗುತ್ತೆ.”

ಆಚಾರ್ ಕೊಳವೆಯ ಬಾಯಿ ಸವರಿದರು. “ಹೆಸರು ಹಾಕದೆ ಪಾತ್ರೆ ಕೊಟ್ಟು ಅಭ್ಯಾಸ ಇಲ್ಲಮ್ಮ. ಮಗಳ ಹೆಸರು, ಸರೋಜ. ಹೋದ ವರ್ಷ ತೀರ್ಕೊಂಡ್ಲು.”

ಹೆಸರು ಉಜ್ಜಿ ಅಳಿಸಲು ಸುಗುಣಾ ಉಪ್ಪುಕಾಗದ ಚಾಚಿದಳು. ಅವರು ಅದನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು.

“ಉಜ್ಜೋಕೆ ಮುಂಚೆ ಇನ್ನೊಂದ್ಸಲ ಅಳೀತೀರಾ? ಅವಳ ಹೆಸರಿನ ಸದ್ದು ಕೇಳಿಸ್ಕೊಂಡು ಉಜ್ತೀನಿ.”