ಅರ್ಧ ಕಪ್ಪಿನ ಜೋಡಿ

ಮಾಲತೇಶ ಎರಡು ಬೆರಳು ಎತ್ತಿ, "ಸಕೀನಾಬಿ, ನಮಗ ಬೈ ಟೂ" ಎಂದು ಕೂಗಿದ. ಮಹೇಶ್ವರಿಗೆ ಮೈಯೆಲ್ಲ ಉರಿಯಿತು. ಹೋಟೆಲ್ ತುಂಬ ಜನ. ಇವನಿಗೆ ಮೆಲ್ಲಗೆ ಹೇಳಲು ಏನು ಧಾಡಿ?

"ಬಂದ್ರು ನೋಡ್ರಿ, ಅರ್ಧ ಕಪ್ಪಿನ ಜೋಡಿ!" ಎಂದ ವಿಜಯಮಹಾಂತೇಶ. ಪಕ್ಕದ ರೋಷನಬಿ ಸೆರಗನ್ನು ಬಾಯಿಗೆ ಹಿಡಿದು ನಕ್ಕಳು. ಮಹೇಶ್ವರಿ ಗೋಡೆಯ ಕಡೆ ಮುಖ ತಿರುಗಿಸಿದಳು.

ನಾಲ್ವರೂ ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯವರು. ವಿಜಯಮಹಾಂತೇಶ ಬ್ಯಾಡಗಿಯವನು, ಮಾರಾಟ ವಿಭಾಗ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಅನ್ನುತ್ತಾರೆ. ಇವನ ನಾಲಿಗೆ ಮಾತ್ರ ಪೂರಾ ಖಾರ. ಉಳಿದ ಮೂವರು ಬೀಜ ಮೊಳೆಸಿ ನೋಡುವ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದರು. ಮಹೇಶ್ವರಿ ಎಲ್ಲರಿಗಿಂತ ಹೊಸಬಳು, ದಿನಾ ಗುತ್ತಲದಿಂದ ಬಸ್ಸಿಗೆ ಬರುವವಳು.

ಸಂಜೆಯಾದರೆ ಬೀಜಕ್ಕೆ ಹಚ್ಚಿದ ಕೆಂಪು ಔಷಧಿಯನ್ನು ಉಗುರಿನ ಸಂದಿಯಿಂದ ತೊಳೆದುಕೊಂಡು ಎದುರಿನ ಸಕೀನಾಬಿಯ ಹೋಟೆಲಿಗೆ ಹೋಗುವುದು ರೂಢಿ. ದಿನಕ್ಕೊಬ್ಬರ ಪಾಳಿ. ಪಾಳಿ ಇದ್ದವರು ಎಲ್ಲರ ಕಾಫಿಗೂ ಕೊಡಬೇಕು. ನನ್ನದಷ್ಟೇ ನಾನು ಕೊಡುತ್ತೇನೆ ಅಂದರೆ ಮುಗಿಯಿತು, ಆಮೇಲೆ ಅವರ ಮುಖವನ್ನು ಯಾರೂ ನೋಡುತ್ತಿರಲಿಲ್ಲ.

ಮೊದಲ ದಿನ ಮಹೇಶ್ವರಿ, "ನನಗ ಕಾಫಿ ಸೇರಂಗಿಲ್ರಿ" ಎಂದು ನೀರು ಕುಡಿದು ಕೂತಿದ್ದಳು. ಸುಳ್ಳು. ಕಾಫಿ ಅಂದರೆ ಅವಳಿಗೆ ಪ್ರಾಣ. ಆದರೆ ತರಬೇತಿ ಮುಗಿಯುವವರೆಗೆ ಪಗಾರವಿಲ್ಲ. ಪಾಳಿ ಬಂದರೆ ಕೊಡುವುದೆಲ್ಲಿಂದ? ಈ ಸಂಗತಿಯನ್ನು ಅವಳು ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ಬಿಡುವುದಕ್ಕಿಂತ ಸಾಯುವುದು ಮೇಲು ಅಂದುಕೊಂಡಿದ್ದಳು.

ಮರುದಿನವೇ ಮಾಲತೇಶ ಗಂಟುಬಿದ್ದ. "ಮೇಡಮ್, ಪೂರಾ ಕಪ್ ಕುಡದ್ರ ನನಗ ಎದಿ ಉರೀತೈತ್ರಿ. ಅರ್ಧಾ ಚೆಲ್ಲಾಕ ಮನಸಾಗಂಗಿಲ್ಲ. ನೀವು ಇಸ್ಕೊಂಡ್ರ ಉಪಕಾರ ಆಕ್ಕೈತಿ. ಎರಡು ಅರ್ಧಾ ಸೇರಿ ಒಂದ ಪಾಳಿ, ಅದು ನಂದಾ ಇರ್ಲಿ."

ಅಯ್ಯೋ ಪಾಪ ಎಂದು ಅವಳು ಒಪ್ಪಿದಳು. ಉಪಕಾರ ತಾನೇ?

ಆಮೇಲೆ ಅವಳಿಗೆ ಇವನ ಬಣ್ಣ ಗೊತ್ತಾಯಿತು. ಕಾಫಿಗೆ ಉರಿಯುವ ಎದೆ ಮಧ್ಯಾಹ್ನದ ಮಿರ್ಚಿ ಭಜಿಗೆ ಉರಿಯುತ್ತಿರಲಿಲ್ಲ! ಅಂದರೆ ಇದು ಎದೆಯ ಉರಿಯಲ್ಲ, ಕಿಸೆಯ ಉರಿ. ಹೋಗಲಿ, ಬೇರೆಯವರ ಜೊತೆಗಾದರೂ ಹಂಚಿಕೊಳ್ಳಬಾರದೇ? ಒಮ್ಮೆ ರೋಷನಬಿ ತಮಾಷೆಗೆ, "ಇವತ್ತ ನನ್ನ ಜೋಡಿ ಬೈ ಟೂ ಮಾಡ್ರಿ" ಅಂದಾಗ, "ನೀವು ಪೂರಾ ಕುಡೀರಿ, ನಿಮಗೇನ ಕಡಿಮಿ ಆಗೇತಿ?" ಎಂದು ಜಾರಿಕೊಂಡಿದ್ದ. ಹೊಸಬಳು, ಬಾಯಿಲ್ಲದವಳು ಅಂತ ತನ್ನನ್ನೇ ಹಿಡಿದಿದ್ದಾನೆ ಎಂದು ಮಹೇಶ್ವರಿ ಹಲ್ಲು ಕಡಿದಳು. ಅರ್ಧ ಮಾಡುವಾಗ ಅವನು ಅವಳ ಕಪ್ಪಿಗೆ ತುಸು ಹೆಚ್ಚೇ ಸುರಿಯುತ್ತಿದ್ದ. ಅದೂ ಅವಳಿಗೆ ಪುಸಲಾಯಿಸಿದಂತೆ ಕಾಣುತ್ತಿತ್ತು.

ಅದನ್ನೂ ನುಂಗಿಕೊಳ್ಳುತ್ತಿದ್ದಳೇನೋ. ಆದರೆ ಒಂದು ದಿನ ಗುತ್ತಲದ ಬಸ್ಸಿನಲ್ಲಿ, ಬೇರೆ ಕಂಪನಿಯ ಹುಡುಗಿಯೊಬ್ಬಳು ಪಕ್ಕಕ್ಕೆ ಸರಿದು ಕೂತು, "ಅರ್ಧ ಕಪ್ಪಿನಾಕಿ ಅಂದ್ರ ನೀವಾ ಏನ್ರಿ?" ಎಂದು ಕೇಳಿಬಿಟ್ಟಳು. ಮಹೇಶ್ವರಿ ಇಡೀ ದಾರಿ ಕಿಟಕಿಯಿಂದ ಮುಖ ತೆಗೆಯಲಿಲ್ಲ. ನಾಚಿಕೆಯಿಂದ ಅಳು ಬಂದಿತ್ತು. ಯಾರದೋ ಜಿಪುಣತನ, ಯಾರಿಗೋ ಹೆಸರು! ಮನೆಯವರ ಕಿವಿಗೆ ಬಿದ್ದರೆ ಏನು ಗತಿ? ತನ್ನ ಮಾನ ತಾನೇ ಉಳಿಸಿಕೊಳ್ಳಬೇಕು ಎಂದು ಅವತ್ತೇ ನಿಶ್ಚಯಿಸಿದಳು.

ಅದಾದ ಮೇಲೆ ಬಂದದ್ದೇ ಇವತ್ತಿನ ಸಂಜೆ. ಮಾಲತೇಶನ ಎರಡು ಬೆರಳು ಇನ್ನೂ ಮೇಲೆಯೇ ಇದ್ದವು.

"ಬೈ ಟೂ ಬ್ಯಾಡ, ಸಕೀನಾಬಿ," ಎಂದು ಮಹೇಶ್ವರಿ ಎದ್ದು ನಿಂತಳು. ದನಿ ದೊಡ್ಡದಾಗೇ ಬಂತು. "ನಾಲ್ಕೂ ಫುಲ್. ಇವತ್ತಿನ ಪಾಳಿ ನಂದು. ಮಾಲತೇಶ ಅವ್ರಿಗೂ ಫುಲ್. ಕೇಳ್ರಿ ಇಲ್ಲಿ, ನಾಳಿಂದ ನಿಮ್ಮ ಜಿಪುಣತನಕ್ಕ ಬ್ಯಾರೆ ಯಾರನ್ನರ ಹುಡ್ಕೊಳ್ರಿ. ನನಗ ಮಂದಿ ಮುಂದ ಮಾನಾ ಐತಿ!"

ಪಕ್ಕದ ಮೇಜಿನವರೂ ತಿರುಗಿ ನೋಡಿದರು. ವಿಜಯಮಹಾಂತೇಶ ಮೇಜು ಕುಟ್ಟಿ ನಕ್ಕ. "ಮಂಗಳಾರತಿ ಆತಲ್ಲಪಾ ಮಾಲತೇಶ!"

ಮಾಲತೇಶನ ಮುಖ ಕಿವಿಯವರೆಗೆ ಕೆಂಪಾಯಿತು. ಒಂದು ಗಳಿಗೆ ತಲೆ ಬಗ್ಗಿಸಿದ. ಆಮೇಲೆ, ಆಶ್ಚರ್ಯ, ನಕ್ಕ.

"ಆಗಲ್ರಿ ಮೇಡಮ್. ಇವತ್ತ ಕುಡೀಬೇಕಾದ್ದಾ."

ತುಂಬಿದ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು, ತಳ ಕಾಣುವವರೆಗೆ ಸವಿದು ಕುಡಿದ. "ಭಾಳ ದಿನಾ ಆಗಿತ್ತು," ಎಂದು ಬಾಯಿ ಒರೆಸಿಕೊಂಡು ಕಚೇರಿ ಕಡೆಗೆ ಹೊರಟುಹೋದ. ಬಿಟ್ಟಿ ಸಿಕ್ಕರೆ ಎದೆ ಉರಿಯುವುದಿಲ್ಲ ನೋಡು ಎಂದು ಮಹೇಶ್ವರಿ ಮನಸ್ಸಿನಲ್ಲೇ ಗೆದ್ದಳು. ಇಷ್ಟು ದಿನದ ಭಾರ ಇಳಿದಂತೆ ಹಗುರಾಗಿ ಗಲ್ಲಾಪೆಟ್ಟಿಗೆಯ ಕಡೆ ನಡೆದಳು.

ಸಕೀನಾಬಿ ದುಡ್ಡು ಇಸಿದುಕೊಳ್ಳುವಾಗ ಅವಳ ಕೈಯನ್ನೇ ಹಿಡಿದು ಅದುಮಿದಳು. "ಪಗಾರ ಆತೇನವ್ವಾ? ಭಾಳ ಚಲೋ ಆತು."

"ಹೂಂ, ಇವತ್ತಾ ಆತು. ನಿಮಗ ಹೆಂಗ ಗೊತ್ತಾತು?"

"ತರಬೇತಿ ಮುಗಿಯೂತನಕ ನಿನಗ ಪಗಾರ ಇಲ್ಲಂತ ಮಾಲತೇಶಣ್ಣ ಹೇಳಿದ್ರಲ್ಲ, ನೀ ಬಂದ ಮೊದಲನೇ ದಿನಾನ."

ಮೊದಲನೇ ದಿನ. ಅಂದರೆ ತಾನು ನೀರು ಕುಡಿದು ಕೂತ ದಿನ. ಮಹೇಶ್ವರಿ ಮುಖ ಎಲ್ಲಿ ಮುಚ್ಚಿಕೊಳ್ಳಲಿ ಎಂದು ತಿಳಿಯದೆ ಸೆರಗು ಹುಡುಕಿದಳು. ಸಕೀನಾಬಿಗೆ ಅದು ಕಾಣಲಿಲ್ಲ. ಖುಷಿಯಲ್ಲಿ ಮಾತಾಡುತ್ತಲೇ ಇದ್ದಳು.

"'ಫುಲ್ ಕೊಡಸಾಕ ಹೋದ್ರ ಆಕಿ ಇಸ್ಕೊಳ್ಳಂಗಿಲ್ಲ, ಅದಕ್ಕ ಆಕಿ ಪಗಾರ ಆಗೂತನಕ ನನಗೂ ಅರ್ಧಾನ ಹಾಕು ಸಕೀನಾಬಿ, ಆದ ದಿನ ಆಕೀನಾ ಎಲ್ಲಾರಿಗೂ ಕುಡಸ್ತಾಳ, ಅವತ್ತ ನಾನೂ ತುಂಬ ಕುಡೀತೀನಿ' ಅಂದಿದ್ರು."