ಗಾಡಿ ಇಲ್ಲದ ಮಾಲೀಕ

ಕಿರಣ್ ತಂದು ನಿಲ್ಲಿಸಿದ ಕೆಂಪು ಡಾಡ್ಜ್ ರ‍್ಯಾಮ್ ಪಾರ್ಕಿಂಗ್ ಗೆರೆಯೊಳಗೆ ಹಿಡಿಸಲೇ ಇಲ್ಲ. ಮೂತಿ ಫುಟ್‌ಪಾತಿನ ಮೇಲೆ, ಹಿಂಭಾಗ ರಸ್ತೆಗೆ. ಆ ಕಡೆ ಬಂದ ಡಚ್ ಮುದುಕಿಯೊಬ್ಬಳು ಸೈಕಲ್ ಇಳಿದು, ತಲೆಯಲ್ಲಾಡಿಸಿ, ತಳ್ಳಿಕೊಂಡೇ ಮುಂದೆ ಹೋದಳು. ಎದುರುಮನೆ ಕಿಟಕಿಯಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದ ವಿಜಯೇಂದ್ರನಿಗೆ ಮಾತ್ರ ಹೊಟ್ಟೆಗೆ ಬೆಂಕಿ ಬಿದ್ದ ಹಾಗಾಯಿತು. ಅಲ್ಲಾ, ಆಫೀಸಿನಲ್ಲಿ ತನಗಿಂತ ಐದು ವರ್ಷ ಚಿಕ್ಕವನು; ಈ ಡಚ್ ಊರು ವೆಲ್ಡ್‌ಹೋವನ್ನಿಗೆ ಬಂದು ಸರಿಯಾಗಿ ಎರಡು ಚಳಿಗಾಲ ಕಳೆದಿಲ್ಲ; ಲಾಕ್‌ಡೌನಿನಲ್ಲಿ ಲೋಕವೆಲ್ಲ ಬಾಗಿಲು ಹಾಕಿಕೊಂಡು ಕೂತಿರುವಾಗ ಹೋಗಿ ಲಾರಿಯಂಥ ಅಮೆರಿಕನ್ ಗಾಡಿ ತಂದುಬಿಡುವುದೇ!

"ಏನ್ರೀ, ಎಷ್ಟೊತ್ತು ಅಲ್ಲೇ ನಿಂತೀರಿ? ಮೀಟಿಂಗ್ ಇಲ್ಲೇನು?" ಅಡುಗೆಮನೆಯಿಂದ ಹೆಂಡತಿ ಸೌಜನ್ಯಾ ಕೇಳಿದಳು. ಅವನು ಆಗಲೇ ಚಪ್ಪಲಿ ಮೆಟ್ಟಿಯಾಗಿತ್ತು.

"ಬನ್ನಿ ಅಣ್ಣಾ!" ಕಿರಣ್ ಮಾಸ್ಕ್ ಮೇಲೆಳೆದುಕೊಂಡು ಒಂದೂವರೆ ಮೀಟರ್ ಹಿಂದೆ ಸರಿದ. "ಸೆಕೆಂಡ್ ಹ್ಯಾಂಡೇ. ಆದ್ರೆ ಹೆಂಗ್ ಮೇಂಟೇನ್ ಮಾಡಿದಾರೆ ನೋಡಿ!"

"ಚಲೋ ಐತಿ. ಈ ಕಂಪನಿ ಹಿಸ್ಟರಿ ಏನರ ಗೊತ್ತೇನು ನಿನಗ?"

"ಹಿಸ್ಟರಿ ಯಾರಿಗ್ ಬೇಕಣ್ಣಾ? ಓಡಿಸೋಕೆ ಸಕತ್ತಾಗಿದೆ."

ಯಾರಿಗೆ ಬೇಕಂತೆ! ಡಾಡ್ಜ್ ಅಣ್ಣತಮ್ಮಂದಿರು ಮೊದಲು ಬೇರೆಯವರ ಕಾರುಗಳಿಗೆ ಬಿಡಿಭಾಗ ಮಾಡಿಕೊಡುತ್ತಿದ್ದದ್ದು, ಮೂವತ್ತರ ದಶಕದಲ್ಲಿ ಬಾನೆಟ್ಟಿನ ತುದಿಗೆ ಟಗರಿನ ಗೊಂಬೆ ಬಂದು ಕೂತದ್ದು, ಕೊನೆಗೆ ಆ ಟಗರೇ ಮನೆಯಿಂದ ಹಿಸ್ಸೆ ತಗೊಂಡ ತಮ್ಮನ ಹಾಗೆ ರ‍್ಯಾಮ್ ಅಂತ ಬೇರೆ ಹೆಸರು ಮಾಡಿಕೊಂಡದ್ದು, ಎಲ್ಲ ವಿಜಯೇಂದ್ರನಿಗೆ ಬಾಯಿಪಾಠ. ಗಾಡಿ ಕೊಂಡಿರಲಿಲ್ಲ, ಅಷ್ಟೇ. ಒಂದು ವರ್ಷ ವಾಸದ ಪರ್ಮಿಟ್ ರಿನ್ಯೂ ಆಗಲಿ ಎಂದ. ಇನ್ನೊಂದು ವರ್ಷ ಮೊದಲು ಮನೆ ಆಗಲಿ ಎಂದ. ಮೂರನೆಯ ವರ್ಷ ಕೊರೊನಾ ಬಂತು.

"ಇದನ್ನ ತಗೋ ಅಂತ ಯಾರು ನಿನ್ನ ತಲ್ಯಾಗ ತುಂಬಿದ್ರು?"

"ರ‍್ಯಾಮ್ ಮಾಲೀಕರದ್ದು ಒಂದು ಆನ್‌ಲೈನ್ ಗ್ರೂಪಿದೆ ಅಣ್ಣಾ. ಅದ್ರಲ್ಲಿ 'ಬ್ರಬಾಂಡರ್' ಅಂತ ಹೆಸರಿಟ್ಕೊಂಡು ಒಬ್ರು ಬರೀತಾರೆ. ನಮ್ಮ ಈ ಬ್ರಬಾಂಟ್ ಕಡೆಯ ಯಾರೋ ಹಳೇ ಡಚ್ ಯಜಮಾನ್ರೇ ಇರ್ಬೇಕು. ಬೆಳಿಗ್ಗೆ ಮಂಜಲ್ಲಿ ಸ್ಟಾರ್ಟ್ ಮಾಡಿದ್ರೆ ಇಂಜಿನ್ ಗುಟುರು ಕಿವೀಗಲ್ಲ, ಎದೇಗೆ ಕೇಳ್ಸುತ್ತೆ ಅಂತ ಬರ್ದಿದ್ರು ನೋಡಿ! ಓದಿ ಓದೀನೇ ತಗೊಂಡೆ."

ಆ ಬ್ರಬಾಂಡರ್ ಬೇರೆ ಯಾರೂ ಅಲ್ಲ, ವಿಜಯೇಂದ್ರನೇ. ಮೊದಲ ಲಾಕ್‌ಡೌನಿನಲ್ಲಿ ಬೇಸರ ತಡೆಯಲಾರದೆ ಗ್ರೂಪು ಸೇರಿದವನು, ಮನೆ ಮುಂದೆ ಸೈಕಲ್ ಒಂದನ್ನು ಬಿಟ್ಟು ಏನೂ ಇಲ್ಲದಿದ್ದರೂ, ಮಾಲೀಕನ ಠೀವಿಯಲ್ಲಿ ಅನುಭವ ಬರೆಯಲು ಹಿಡಿದಿದ್ದ. ಅಲ್ಲಿ ಇಲ್ಲಿ ಓದಿದ್ದಕ್ಕೆ ತನ್ನ ಆಸೆಯನ್ನೆಲ್ಲ ಸೇರಿಸಿ ಬರೆದರೆ ಜನ ಮುಗಿಬಿದ್ದು ಓದುತ್ತಿದ್ದರು, ಸಲಹೆ ಕೇಳುತ್ತಿದ್ದರು. ಆ ಒಂದು ವರ್ಷದ ಸುಖವನ್ನು ಈಗ ಈ ಪುಣ್ಯಾತ್ಮ ಕೀಲಿ ಸಮೇತ ಎತ್ತಿಕೊಂಡು ಬಂದು ತನ್ನ ಕಿಟಕಿಯೆದುರೇ ನಿಲ್ಲಿಸಿಕೊಂಡಿದ್ದಾನೆ!

ಮನೆಯೊಳಗೆ ಬಂದವನೇ ಲ್ಯಾಪ್‌ಟಾಪ್ ತೆರೆದು ಬರೆದ: 'ನನ್ನ ಗಾಡಿ ಮಾರುತ್ತಿದ್ದೇನೆ. ಈ ಸಣ್ಣ ಬೀದಿಗಳ ದೇಶದಲ್ಲಿ ಇದನ್ನು ಇಟ್ಟುಕೊಳ್ಳುವವನು ಒಂದೋ ಶೋಕಿಲಾಲ, ಇಲ್ಲಾ ಪೆದ್ದ.' ಓದಲಿ ಮಗ, ಅವನೂ ಒಂಚೂರು ಉರಿದುಕೊಳ್ಳಲಿ. ಆವತ್ತು ಊಟಕ್ಕೆ ಎರಡು ಚಪಾತಿ ಹೆಚ್ಚೇ ತಿಂದ.

ಮಾರನೆಯ ದಿನ ಬ್ರಬಾಂಡರನಿಗೆ ಕಿರಣ್ ಒಂದು ಖಾಸಗಿ ಮೆಸೇಜು ಕಳಿಸಿದ್ದ. 'ನೀವು ಹೀಗೆಲ್ಲ ಬರೆಯುವವರಲ್ಲ. ಈ ಕೊರೊನಾದಲ್ಲಿ ಏನೋ ದೊಡ್ಡ ಕಷ್ಟ ಬಂದಿರಬೇಕು, ಏನು ಅಂತ ಕೇಳುವುದಿಲ್ಲ. ನಿಮ್ಮ ಗಾಡಿ ಹೋದರೆ ಹೋಗಲಿ, ನನ್ನದನ್ನು ಓಡಿಸಿ. ನಾನು ವೆಲ್ಡ್‌ಹೋವನ್ನಿನಲ್ಲಿದ್ದೇನೆ, ವಿಳಾಸ ಕೆಳಗಿದೆ. ಪ್ರತಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಗಾಡಿಯಲ್ಲಿ ಕಾಯುತ್ತೇನೆ. ನೀವು ಬಂದರೆ ನನಗೇ ಸಂತೋಷ.'

ವಿಜಯೇಂದ್ರ ನಾಲ್ಕು ಸಲ ಓದಿದ. ಉತ್ತರ ಬರೆದ, ಅಳಿಸಿದ. ಹತ್ತು ಹೆಜ್ಜೆ ದಾಟಿದರೆ ಸಾಕು, ಕೈಗೆ ಸ್ಟಿಯರಿಂಗ್ ಸಿಗುತ್ತದೆ. ಆದರೆ ಹೋದರೆ ಬಾಯಿ ಬಿಡಬೇಕಲ್ಲ. ಗಾಡಿಯೇ ಇರಲಿಲ್ಲ ಅನ್ನಬೇಕು. ಆ ಶೋಕಿಲಾಲ, ಪೆದ್ದ ಅಂದದ್ದು ನಿನಗೇ ಕಣೋ ಅನ್ನಬೇಕು. ಥೂ, ಯಾವ ಮುಖ ಹೊತ್ತು ಹೋಗುವುದು?

ಭಾನುವಾರ ಹತ್ತು ಗಂಟೆಗೆ, ವಿಜಯೇಂದ್ರ ಕಿಟಕಿಯಿಂದ ನೋಡುತ್ತಿದ್ದಂತೆ, ಕಿರಣ್ ಗಾಡಿಯ ಹತ್ತಿರ ಬಂದ. ಡ್ರೈವರ್ ಸೀಟನ್ನು ಬಟ್ಟೆಯಿಂದ ಚೆನ್ನಾಗಿ ಒರೆಸಿ, ಕೀಲಿ ಅಲ್ಲೇ ಸಿಕ್ಕಿಸಿ, ಸುತ್ತಿ ಬಂದು ಪಕ್ಕದ ಸೀಟಿನಲ್ಲಿ ಮಾಸ್ಕ್ ಹಾಕಿಕೊಂಡು ಕೂತ. ಅಂಥ ಚಳಿಯಲ್ಲೂ ಕಿಟಕಿಗಳನ್ನೆಲ್ಲ ಇಳಿಸಿದ್ದ. ನಾಯಿ ಹಿಡಿದು ಬಂದ ಮುದುಕನೊಬ್ಬನನ್ನು ಕಂಡು ನೆಟ್ಟಗೆ ಕೂತ. ಅವನು ದಾಟಿಹೋದ ಮೇಲೆ ಮತ್ತೆ ಒರಗಿದ. ಹತ್ತೂಕಾಲಾಯಿತು. ಹನ್ನೊಂದಾಯಿತು.

"ಯಾರನ್ನ ಕಾಯಾಕತ್ತಾನ್ರೀ ಅಂವಾ, ಈ ಥಂಡ್ಯಾಗ?" ಸೌಜನ್ಯಾ ಬಂದು ಪಕ್ಕದಲ್ಲಿ ನಿಂತಳು.

"ಯಾರೋ ದೋಸ್ತ ಇರಬೇಕು."

"ಪುಣ್ಯ ಮಾಡ್ಯಾನ ಬಿಡ್ರಿ ಆ ದೋಸ್ತ. ನಿಮಗ ಯಾರರ ಹಿಂಗ ಕಾದಾರೇನು, ಯಾವತ್ತರ?"

ಆ ಬ್ರಬಾಂಡರನ ಮೇಲೆ ವಿಜಯೇಂದ್ರನಿಗೆ ಉರಿದಷ್ಟು ಹೊಟ್ಟೆ, ಕಿರಣನ ಮೇಲೂ ಉರಿದಿರಲಿಲ್ಲ.